ಮುಂದಿನ ಸಾಲಿನ ಟವೆಲ್ಲು

ಬದುಕಿನಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಸೀಟು ಹಿಡಿಯುವುದು. ಮಿಕ್ಕಿದ್ದರಲ್ಲೆಲ್ಲ ನಾನು ಜಸ್ಟ್ ಪಾಸು. ಮನೆ ಕಲ್ಯದಲ್ಲಿ, ಕೆಲಸ ರಾಮನಗರದ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತಿಕೆ. ಮಾಗಡಿಗೆ ರೈಲಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಬಸ್ಸೇ ಗತಿ. ಕಲ್ಯದಿಂದ ಮಾಗಡಿಗೆ ಒಂದು, ಮಾಗಡಿಯಿಂದ ರಾಮನಗರಕ್ಕೆ ಒಂದು, ಸಂಜೆ ಮತ್ತೆ ಅವೇ ಎರಡು. ಹೀಗೆ ದಿನಕ್ಕೆ ನಾಲ್ಕು ಬಸ್ಸು ಹತ್ತಿ ಇಳಿಯುತ್ತಾ ನಿವೃತ್ತನಾದೆ. ಅಷ್ಟು ವರ್ಷದಲ್ಲಿ ನಾನು ನಿಂತು ಪ್ರಯಾಣ ಮಾಡಿದ್ದು ಬಹಳ ಕಡಿಮೆ. ಬೀಳ್ಕೊಡುಗೆ ಸಭೆಯಲ್ಲಿ ಮುಖ್ಯೋಪಾಧ್ಯಾಯರು ನನ್ನ ಕೆಲಸದ ಬಗ್ಗೆ ಎರಡು ಮಾತು, ಬಸ್ಸಿನಲ್ಲಿ ಸೀಟು ಹಿಡಿಯುವುದರ ಬಗ್ಗೆ ಹತ್ತು ಮಾತು ಆಡಿದರು. ಜನ ನಕ್ಕರು, ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಈ ವಿದ್ಯೆಯ ಬಂಡವಾಳ ಒಂದು ಟವೆಲ್ಲು. ಬಸ್ಸು ಮಾಗಡಿಯ ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಅದರ ಜೊತೆ ನಾಲ್ಕು ಹೆಜ್ಜೆ ಓಡಿ ಕಿಟಕಿಯೊಳಗೆ ಟವೆಲ್ಲು ಎಸೆಯಬೇಕು. ಟವೆಲ್ಲು ಬಿದ್ದ ಸೀಟು ಟವೆಲ್ಲಿನವನದು. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ, ಆದರೆ ಇದನ್ನು ಮೀರಿದವರನ್ನು ನಾನು ನೋಡಿಲ್ಲ. ಆಸ್ತಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ, ಟವೆಲ್ಲು ಹಾಕಿದ ಸೀಟಿಗೆ ಮಾತ್ರ ಯಾರೂ ತಕರಾರು ತೆಗೆಯುವುದಿಲ್ಲ. ಕರ್ಚೀಫು ಎಸೆಯುವವರನ್ನು ಕಂಡರೆ ನನಗೆ ತಾತ್ಸಾರ. ಅದು ಗಾಳಿಗೆ ಹಾರಿ ಇನ್ಯಾರದೋ ತೊಡೆಯ ಮೇಲೆ ಬೀಳುತ್ತದೆ. ಎಸೆಯುವ ಬಟ್ಟೆಗೆ ತೂಕ ಇರಬೇಕು. ನನ್ನದು ಹಸಿರು ಚೌಕಳಿಯದು, ಅಂಚಿಗೆ ಕೆಂಪು ಪಟ್ಟೆ. ವಾರಕ್ಕೆ ಎರಡು ಸಲ ಹೆಂಡತಿ ಅದನ್ನು ಒಗೆದು ಹಿತ್ತಲ ತಂತಿಯ ಮೇಲೆ ಹಾಕುತ್ತಿದ್ದಳು.

ಟವೆಲ್ಲು ಎಸೆದರೆ ಸಾಲದು, ಯಾವ ಕಡೆಗೆ ಎಸೆಯಬೇಕು ಅನ್ನುವುದು ಗೊತ್ತಿರಬೇಕು. ಮಾಗಡಿಯಿಂದ ರಾಮನಗರಕ್ಕೆ ಬಸ್ಸು ದಕ್ಷಿಣಕ್ಕೆ ಹೋಗುತ್ತದೆ, ಬೆಳಗಿನ ಬಿಸಿಲು ಎಡಗಡೆಗೆ ಬೀಳುತ್ತದೆ. ಸಂಜೆ ಉತ್ತರಕ್ಕೆ ವಾಪಸು ಬರುವಾಗ ಸೂರ್ಯ ಪಶ್ಚಿಮಕ್ಕೆ ಹೋಗಿರುತ್ತಾನೆ, ಆಗಲೂ ಬಿಸಿಲು ಎಡಗಡೆಯೇ. ಅಂದರೆ ಹೋಗುವಾಗಲೂ ಬಲಗಡೆ ಕೂರಬೇಕು, ಬರುವಾಗಲೂ ಬಲಗಡೆ ಕೂರಬೇಕು. ಇದನ್ನು ಕಂಡುಹಿಡಿದ ದಿನ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ ಎಂದು ಒಮ್ಮೆ ಮನೆಯಲ್ಲಿ ಬಾಯಿಬಿಟ್ಟೆ.

“ಮದ್ವೆ ದಿನಾನೂ ಫ್ಯಾನ್ ಕಡೀಕೆ ನೀವೇ ಅಲ್ವಾ ಕುಂತಿದ್ದು,” ಎಂದಳು ಹೆಂಡತಿ. ಅವಳು ಹೇಳಿದ್ದು ನಿಜವೇ ಆಗಿತ್ತು.

ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರು ಎಲ್ಲಿಂದ ಶುರುಮಾಡುತ್ತಾರೆಂದು ನೋಡಿ ಅಲ್ಲಿಂದ ಏಳನೆಯ ಎಲೆಗೆ ಕೂರುತ್ತಿದ್ದೆ. ಮೊದಲ ನಾಲ್ಕೈದು ಎಲೆಗೆ ಕೈ ಬಿಗಿಹಿಡಿಯುತ್ತಾರೆ, ಕೊನೆಯ ಎಲೆ ತಲುಪುವಾಗ ಪಾತ್ರೆ ಬರಿದಾಗಿರುತ್ತದೆ. ಚನ್ನಪಟ್ಟಣದಲ್ಲಿ ಪೌರಾಣಿಕ ನಾಟಕವಿದ್ದರೆ ಹಾರ್ಮೋನಿಯಂ ಮೇಷ್ಟ್ರ ಎದುರು ಬದಿಗೆ, ಕನಕಪುರದಲ್ಲಿ ಸಿನಿಮಾಕ್ಕೆ ಹೋದರೆ ಬಾಗಿಲಿನಿಂದ ಮೂರನೆಯ ಸಾಲಿಗೆ. ಊರಿನವರು ಎಲ್ಲಿಗಾದರೂ ಹೊರಟರೆ ನನ್ನನ್ನು ಕೇಳಿ ಹೋಗುತ್ತಿದ್ದರು. “ಮೈಸೂರ್ಗೆ ಹೊಂಟೀವಿ, ಯಾವ್ ಕಡೆ ಕುಂತ್ಕಳಾದು?” ಅಂತ. ನಾನು ಜ್ಯೋತಿಷಿಯ ಗತ್ತಿನಲ್ಲಿ ಹೊರಡುವ ಹೊತ್ತು ಕೇಳಿ, ಕಣ್ಣುಮುಚ್ಚಿ, ಎಡ ಅಥವಾ ಬಲ ಎನ್ನುತ್ತಿದ್ದೆ. “ನಮ್ಮನೇರು ಸ್ವರ್ಗಕ್ಕೋದ್ರೂ ಮೊದ್ಲು ಟವಲ್ಲು ಎಸ್ದು ಆಮೇಲೆ ವಳೀಕೆ ಹೋಗೋದು,” ಎಂದು ಹೆಂಡತಿ ನೀರು ಹಿಡಿಯುವ ಕಡೆ ಹೇಳಿಕೊಂಡು ನಗುತ್ತಿದ್ದಳು.

ಒಂದು ವಿಷಯ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹುಡುಕಿದ ಒಳ್ಳೆಯ ಸೀಟುಗಳಲ್ಲಿ ಕೂತದ್ದೆಲ್ಲ ನಾನೇ. ಅವಳು ಪಕ್ಕದಲ್ಲಿ ಕೂರುತ್ತಿದ್ದಳು. ಪಕ್ಕದ ಸೀಟು ಹೇಗಿರುತ್ತದೆಂದು ನಾನು ಲೆಕ್ಕ ಹಾಕಿರಲಿಲ್ಲ.

ಹೆಂಡತಿಗೆ ಸೋಬಾನೆ ಪದ ಬರುತ್ತದೆ. ಮದುವೆ, ಆರತಿ, ಸೀಮಂತ ಏನಿದ್ದರೂ ಸುತ್ತಲಿನ ಊರುಗಳಿಂದ ಅವಳಿಗೂ ಅವಳ ಜೊತೆಗಾತಿಯರಿಗೂ ಕರೆ ಬರುತ್ತದೆ. ಒಟ್ಟು ಹತ್ತು ಜನ. ಚಾಪೆ ಹಾಸಿಕೊಂಡು ಐದೈದು ಜನ ಎದುರುಬದುರು ಕೂರುತ್ತಾರೆ. ನನ್ನ ಹೆಂಡತಿ ಒಂದು ಸಾಲು ಎತ್ತಿಕೊಟ್ಟರೆ ಎದುರಿನವರು ಅದನ್ನೇ ಹೇಳುತ್ತಾರೆ, ಅವರು ಮುಗಿಸುವ ಮೊದಲೇ ಇವಳು ಮುಂದಿನದು ಹಿಡಿಯುತ್ತಾಳೆ. ಯಾರೂ ಬರೆದುಕೊಂಡು ಹಾಡುವುದಿಲ್ಲ, ಎಲ್ಲ ಬಾಯಲ್ಲೇ. ಎತ್ತಿಕೊಡುವವಳು ತಡವರಿಸಿದರೆ ಎದುರಿಗೆ ಕೂತ ಹಿರಿಯಳು ದನಿ ಬಿಡದೆ ತುಟಿಯಲ್ಲೇ ಮುಂದಿನ ಸಾಲು ತೋರಿಸುತ್ತಾಳೆ. ಇವಳು ಅದನ್ನು ನೋಡಿ ಹಿಡಿದುಕೊಳ್ಳುತ್ತಾಳೆ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಅವಳ ತಾಯಿಯಿಂದ ಬಂದ ಒಂದು ಹೂವಿನ ಪದವಿದೆ. ಮದುಮಗಳಿಗೆ ಮುಡಿಸುವ ಇಪ್ಪತ್ತೊಂದು ಹೂವು, ಒಂದೊಂದಕ್ಕೆ ಒಂದೊಂದು ನುಡಿ. ಅದರಲ್ಲಿ ಹದಿನಾಲ್ಕನೆಯದು ಮರುಗ. ಅಲ್ಲಿ ಅವಳು ಯಾವಾಗಲೂ ಎಡವುತ್ತಾಳೆ. “ಮರ್ಗ ಸೊಪ್ಪಲ್ವಾ, ಹೂಗಳ ಮಧ್ಯೆ ಅದ್ಯಾಕ್ ಬಂದು ಸೇರ್ಕತೋ,” ಎಂದು ತಾಯಿಯ ಮೇಲೆ ತಪ್ಪು ಹಾಕುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ರೇಗಿಸುತ್ತಿದ್ದೆ.

ಈ ಪದವನ್ನು ಅವಳು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ, ಹಿಟ್ಟು ಜರಡಿ ಹಿಡಿಯುತ್ತಾ ಹಾಡಿಕೊಳ್ಳುತ್ತಿದ್ದಳು. ನಾನು ಎದುರಿನ ಮಣೆಯ ಮೇಲೆ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದೆ. ನನಗೆ ರಾಗವಿಲ್ಲ, ದನಿಯೂ ಇಲ್ಲ. ಆದರೆ ವರ್ಷಗಟ್ಟಲೆ ಕೇಳಿ ಇಪ್ಪತ್ತೊಂದು ಹೂವೂ ಬಾಯಿಪಾಠವಾಗಿದ್ದವು. ಹದಿಮೂರನೆಯ ನುಡಿ ಮುಗಿದು ಅವಳು ಕೈಯಲ್ಲಿನ ಕಾಯಿ ಹಾಗೇ ಹಿಡಿದು ತಲೆ ಎತ್ತಿದರೆ ನಾನು ಸುಮ್ಮನೆ ತುಟಿ ಮುಚ್ಚಿ ತೆರೆಯುತ್ತಿದ್ದೆ. ಮರುಗ ಅನ್ನಲು ಮೊದಲು ತುಟಿ ಮುಚ್ಚಬೇಕಲ್ಲ, ಅಷ್ಟು ಸಾಕು. ಅವಳು ಹಾಡು ಮುಂದುವರಿಸುತ್ತಿದ್ದಳು, ನಾನು ಕಾಫಿ ಮುಂದುವರಿಸುತ್ತಿದ್ದೆ. ಅದು ನಮ್ಮ ಸಂಸಾರದಲ್ಲಿ ಅತ್ಯಂತ ಸಲೀಸಾಗಿ ನಡೆಯುತ್ತಿದ್ದ ವ್ಯವಹಾರ.

ನಿವೃತ್ತನಾದ ಮರುವರ್ಷ ರಾಮನಗರದಲ್ಲಿ ಜನಪದ ಹಾಡುಗಳ ಒಂದು ಸ್ಪರ್ಧೆ ಏರ್ಪಾಡಾಯಿತು. ಕಲ್ಯದ ಹತ್ತು ಹೆಂಗಸರೂ ಹೆಸರು ಕೊಟ್ಟರು. ಒಂದು ವಾರ ಮುಂಚೆ ಸಂಘಟಕರ ಕಡೆಯವರೊಬ್ಬರು ಬಂದು ವೇದಿಕೆಯ ಕ್ರಮ ವಿವರಿಸಿದರು. ಚಾಪೆ ಇಲ್ಲ, ಎಲ್ಲರೂ ನಿಂತು ಹಾಡಬೇಕು. ಎತ್ತಿಕೊಡುವವರು ಮುಂದೆ ಒಂದು ಮೈಕಿಗೆ, ಉಳಿದ ಒಂಬತ್ತು ಜನ ಹಿಂದೆ ಸಾಲಾಗಿ. ಎಲ್ಲರ ಮುಖವೂ ತೀರ್ಪುಗಾರರ ಕಡೆಗೆ.

ಅವರು ಹೋದ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು.

“ಎಲ್ರೂ ಬೆನ್ನ ಹಿಂದ್ಗಡೆ ನಿಂತ್ಕಂಡ್ರೆ ನಾನ್ ಯಾರ್ ಬಾಯ್ ನೋಡ್ಲಿ?” ಎಂದಳು. “ನೀವು ಮುಂದಿನ್ ಸಾಲಲ್ಲಿ, ನಂಗೆ ನೆಟ್ಟಗೆ ಎದ್ರುಗೆ ಕುಂತ್ಕಬುಡಿ. ನಿಮ್ ಮುಖ ಒಂದ್ ಕಾಣ್ತಾ ಇದ್ರೆ ಸಾಕು, ಎಷ್ಟ್ ಜನಾನಾರ ಇರ್ಲಿ, ನಾನ್ ಹೆದ್ರಾಕಿಲ್ಲ.”

“ಸೀಟಿನ ವಿಷಯ ನನಗೆ ಬಿಡು,” ಎಂದೆ. ಆ ಮಾತನ್ನು ಎಷ್ಟು ಧಾರಾಳವಾಗಿ ಹೇಳಿದೆನೆಂದರೆ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸ್ಪರ್ಧೆಯ ದಿನ ತಂಡಕ್ಕಿಂತ ಎರಡು ಗಂಟೆ ಮೊದಲೇ ಹೋದೆ. ಬಾಗಿಲು ತೆಗೆದವನ ಹಿಂದೆಯೇ ಒಳಗೆ ನುಗ್ಗಿ, ಮೈಕಿನ ನೇರಕ್ಕೆ ಮುಂದಿನ ಸಾಲಿನಲ್ಲಿ ಒಂದು ಸೀಟು ಹಿಡಿದೆ. ಪಕ್ಕದಲ್ಲಿ ರಾಮನಗರದವರೇ ಒಬ್ಬ ಮುದುಕರು ಬಂದು ಕೂತರು. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸದವರು, ಬೆರಳ ತುದಿಗಳೆಲ್ಲ ಬಿಸಿನೀರಿಗೆ ಬೆಂದು ಬೆಳ್ಳಗಾಗಿದ್ದವು. ಮೊಮ್ಮಗಳು ಶಾಲೆಯ ತಂಡದಲ್ಲಿ ಹಾಡುತ್ತಾಳೆ, ನೋಡಲು ಬಂದೆ ಎಂದರು. ನಾನೂ ಬಂದ ಕಾರಣ ಹೇಳಿದೆ.

ಅರ್ಧ ಗಂಟೆ ಕೂತದ್ದೇ ತಡ, ನನ್ನೊಳಗಿನ ಪಂಡಿತ ಎದ್ದು ಕೂತ. ಈ ಸೀಟಿನಲ್ಲಿ ಕತ್ತು ಮೇಲೆತ್ತಿಯೇ ನೋಡಬೇಕು. ಬಲಗಿವಿಯ ಪಕ್ಕಕ್ಕೇ ಸ್ಪೀಕರ್ ಪೆಟ್ಟಿಗೆ. ಫ್ಯಾನು ಇಲ್ಲ. ತಿರುಗಿ ನೋಡಿದರೆ ಏಳನೆಯ ಸಾಲಿನ ಅಂಚಿನಲ್ಲಿ ಒಂದು ಸೀಟು ಖಾಲಿ. ಮೇಲೆ ಫ್ಯಾನು, ಪಕ್ಕದಲ್ಲಿ ಓಡಾಡುವ ದಾರಿ, ವೇದಿಕೆ ಕಣ್ಣಿನ ಮಟ್ಟಕ್ಕೆ ಸರಿಯಾಗಿ. ಸಭಾಂಗಣದ ಅತ್ಯುತ್ತಮ ಸೀಟು ಅದೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಹೆಂಡತಿಯ ತಂಡದ ಸರದಿ ಒಂಬತ್ತನೆಯದು. ಅಲ್ಲಿಯವರೆಗೆ ಅಲ್ಲಿ ಕೂತು, ಅವಳ ಸರದಿಗೆ ಮುಂದೆ ಬಂದರಾಯಿತು ಎಂದುಕೊಂಡೆ. ಮುಂದಿನ ಸೀಟಿಗೆ ಟವೆಲ್ಲು ಹಾಸಿ, “ಒಸಿ ನೋಡ್ಕಳಿ, ಬತ್ತೀನಿ,” ಎಂದು ಮುದುಕರಿಗೆ ಹೇಳಿ ಹಿಂದೆ ಹೋದೆ.

“ಟವಲ್ ಐತಲ್ಲ, ಯಾರ್ ಕುಂತ್ಕತಾರೆ? ಹೋಗ್ಬನ್ನಿ,” ಎಂದರು ಅವರು.

ಏಳನೆಯ ಸಾಲಿನ ಸುಖವನ್ನು ಏನೆಂದು ಹೇಳಲಿ. ಗಾಳಿ ಬೀಸುತ್ತಿತ್ತು. ನಾಲ್ಕು ತಂಡಗಳ ಹಾಡು ಆರಾಮಾಗಿ ಕೇಳಿದೆ, ಐದನೆಯದಕ್ಕೆ ಕಣ್ಣೂ ಎಳೆಯಿತು. ಅಷ್ಟರಲ್ಲಿ ಮೈಕಿನಲ್ಲಿ, ಆರನೆಯ ತಂಡ ಬಂದಿಲ್ಲವೆಂದೂ ಕಲ್ಯದವರು ಸಿದ್ಧರಿರುವುದರಿಂದ ಅವರೇ ಈಗ ಹಾಡುತ್ತಾರೆಂದೂ ಹೇಳಿದರು. ಹತ್ತು ಹೆಂಗಸರು ಹಸಿರು ಸೀರೆಯುಟ್ಟು ಒಬ್ಬರ ಹಿಂದೊಬ್ಬರು ವೇದಿಕೆಗೆ ಬಂದರು.

ಇಲ್ಲಿ ನಾನು ಏನಾದರೂ ಕಾರಣ ಹೇಳಬಹುದು. ದಾರಿ ತುಂಬಾ ಮಕ್ಕಳು ಕೂತಿದ್ದರು, ಹೋಗಲು ಆಗಲಿಲ್ಲ ಎಂದು ಊರಿನವರಿಗೆ ಹೇಳಿದ್ದೇನೆ. ಅದು ಸುಳ್ಳು. ದಾರಿ ಖಾಲಿಯಿತ್ತು. ಮೈಕು ಸರಿಮಾಡಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾನು ಮುಂದಿನ ಸಾಲಿಗೆ ಎರಡು ಸಲ ಹೋಗಿ ಬರಬಹುದಿತ್ತು. ನಾನು ಏಳಲಿಲ್ಲ. ಎದ್ದರೆ ಈ ಸೀಟು ಹೋಗುತ್ತದೆ. ಇದಕ್ಕೆ ಹಾಕೋಣವೆಂದರೆ ಇದ್ದ ಒಂದೇ ಟವೆಲ್ಲು ಮುಂದಿನ ಸೀಟಿನ ಮೇಲಿತ್ತು. ಅವಳು ಎಷ್ಟೋ ಮದುವೆಯಲ್ಲಿ ಹಾಡಿದ್ದಾಳೆ, ಮರೆಯುವುದಿಲ್ಲ ಬಿಡು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಬೆನ್ನು ಹಿಂದಕ್ಕೆ ಒರಗಿಸಿ ಕೂತೆ.

ಚೆನ್ನಾಗಿಯೇ ಶುರುವಾಯಿತು. ಮಲ್ಲಿಗೆ ಬಂತು, ಕನಕಾಂಬರ ಬಂತು, ಸಂಪಿಗೆ ಬಂತು. ನನ್ನ ಹೆಂಡತಿಯ ದನಿ ಮೈಕಿನಲ್ಲಿ ಇಷ್ಟು ಚೆನ್ನಾಗಿ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಪಕ್ಕದವರು ತಲೆದೂಗಿದರು. ನನ್ನ ಹೆಂಡತಿ ಎಂದು ಅವರಿಗೆ ಹೇಳೋಣ ಎನ್ನುವಷ್ಟರಲ್ಲಿ ಹದಿಮೂರನೆಯ ನುಡಿ ಮುಗಿಯಿತು.

ಅವಳು ನಿಂತಳು. ಅಡುಗೆಮನೆಯಲ್ಲಿ ಎತ್ತುವ ಹಾಗೆಯೇ ಮುಖ ಎತ್ತಿ, ಮುಂದಿನ ಸಾಲಿನಲ್ಲಿ ನಾನು ಇರಬೇಕಾಗಿದ್ದ ಸೀಟನ್ನು ನೋಡಿದಳು.

ಆ ಸೀಟಿನಲ್ಲಿ ಟವೆಲ್ಲು ಕೂತಿತ್ತು. ಹಸಿರು ಚೌಕಳಿ, ಕೆಂಪು ಪಟ್ಟೆ. ವಾರಕ್ಕೆ ಎರಡು ಸಲ ತಾನೇ ಒಗೆದದ್ದು ಅವಳಿಗೆ ಗುರುತು ಸಿಗದಿರುತ್ತದೆಯೇ.

ಹಿಂದೆ ನಿಂತ ಒಂಬತ್ತು ಜನ ತಮ್ಮ ಪದ್ಧತಿ ಬಿಡಲಿಲ್ಲ. ಎತ್ತಿಕೊಡುವವಳು ಮುಂದಿನದು ಕೊಡುವ ತನಕ ಹಿಂದಿನದನ್ನೇ ಹೇಳುತ್ತಿರಬೇಕು. ಅವರು ಹದಿಮೂರನೆಯ ನುಡಿಯ ಕೊನೆಯ ಸಾಲನ್ನು ಎರಡು ಸಲ ಹೇಳಿದರು, ಮೂರು ಸಲ ಹೇಳಿದರು, ನಾಲ್ಕನೆಯ ಸಲವೂ ಹೇಳಿದರು. ನಾನು ಏಳನೆಯ ಸಾಲಿನಲ್ಲಿ ಎದ್ದು ನಿಂತು ತುಟಿ ಮುಚ್ಚಿ ತೆರೆದೆ, ಮುಚ್ಚಿ ತೆರೆದೆ. ವೇದಿಕೆಯ ಮೇಲೆ ದೀಪ, ನನ್ನ ಮೇಲೆ ಕತ್ತಲು. ಹಿಂದಿನವರು “ಕುತ್ಕಳಯ್ಯ, ಕಾಣಾಕಿಲ್ಲ,” ಎಂದರು. ಕೂತೆ. ಆಗಲೂ ನಾನು ಮಾಡಿದ್ದು ಅದೇ, ಕೂತದ್ದು.

ಅವಳು ಟವೆಲ್ಲಿನಿಂದ ಕಣ್ಣು ಕಿತ್ತು, ಉಸಿರು ತೆಗೆದುಕೊಂಡು, ನೇರವಾಗಿ ಇಪ್ಪತ್ತೊಂದನೆಯ ನುಡಿ ಎತ್ತಿ ಹಾಡು ಮುಗಿಸಿದಳು. ನಡುವಿನ ಏಳು ಹೂವು ಬಿದ್ದುಹೋದವು. ಜನ ಚಪ್ಪಾಳೆ ತಟ್ಟಿದರು. ಯಾರಿಗೂ ಏನೂ ಗೊತ್ತಾಗಲಿಲ್ಲ, ಎರಡನೆಯ ಬಹುಮಾನವೂ ಬಂತು, ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಮರದ ಗೊಂಬೆ. ಗೊತ್ತಿದ್ದದ್ದು ಆ ಹತ್ತು ಹೆಂಗಸರಿಗೆ ಮತ್ತು ನನಗೆ.

ಟವೆಲ್ಲು ತೆಗೆದುಕೊಳ್ಳಲು ಹೋದಾಗ ರೇಷ್ಮೆಯ ಮುದುಕರು ಅದನ್ನು ಮಡಚಿ ನನ್ನ ಕೈಗಿಟ್ಟರು. “ನಾಲ್ಕ್ ಜನ ಬಂದ್ರು ಸಾಬ್, ಒಬ್ರಿಗೂ ಕೊಡ್ಲಿಲ್ಲ ನಾನು. ಟವಲ್ ಐತೆ, ಬತ್ತಾರೆ ಅಂದ್ಬುಟ್ಟೆ,” ಎಂದರು. ಅವರ ಮುಖದಲ್ಲಿ ಉಪಕಾರ ಮಾಡಿದ ತೃಪ್ತಿಯಿತ್ತು. ನಾನು ಕೈಮುಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಬಲಗಡೆಯ ಕಿಟಕಿ ಸೀಟು ಅವಳಿಗೆ ಬಿಟ್ಟುಕೊಟ್ಟೆ. ಮಾಗಡಿ ಹತ್ತಿರ ಬಂದಾಗ ಅವಳು ನನ್ನ ತೊಡೆಯ ಮೇಲಿದ್ದ ಟವೆಲ್ಲನ್ನು ನೋಡಿ, “ಇದು ಎಷ್ಟ್ ಚೆನ್ನಾಗ್ ಕುಂತಿತ್ತು ಮುಂದ್ಗಡೆ,” ಎಂದಳು. “ಅತ್ಲಾಗಿತ್ಲಾಗ್ ಅಲ್ಲಾಡ್ನಿಲ್ಲ. ಬಾಯೊಂದ್ ಇರ್ನಿಲ್ಲ, ಅಷ್ಟೇಯ.”

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಬೈಯಲಿಲ್ಲ. ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಹಾಡುವುದನ್ನು ನಿಲ್ಲಿಸಿದಳು. ಅವರೆಕಾಯಿಯ ಮೊರ ಎತ್ತಿಕೊಂಡು ಪಕ್ಕದ ಬೀದಿಯಲ್ಲಿದ್ದ, ಹಾಡುವಾಗ ಎದುರಿಗೆ ಕೂರುವ ಆ ಹಿರಿಯ ಹಾಡುಗಾರ್ತಿಯ ಜಗುಲಿಗೆ ಹೋಗುತ್ತಿದ್ದಳು. ನಾನು ಮಣೆಯ ಮೇಲೆ ಒಬ್ಬನೇ ಕಾಫಿ ಕುಡಿಯುತ್ತಿದ್ದೆ. ಮನೆಯಲ್ಲಿ ಬೇಕಾದಷ್ಟು ಕುರ್ಚಿಗಳಿದ್ದವು, ಮಂಚವಿತ್ತು, ಜಗುಲಿಯಿತ್ತು. ನನಗೆ ಬೇಕಾಗಿದ್ದದ್ದು ಅವಳೆದುರಿನ ಆ ಮಣೆ. ಅದು ಅಲ್ಲೇ ಇತ್ತು, ಅದರ ಎದುರು ಅವಳಿರಲಿಲ್ಲ. ಬಹಳ ಬೇಜಾರಾಗುತ್ತಿತ್ತು. ಮೂವತ್ತು ವರ್ಷ ಪುಕ್ಕಟೆಯಾಗಿ ಸಿಕ್ಕ ಸೀಟು ಅದು. ಅದನ್ನು ಮತ್ತೆ ಪಡೆಯಬೇಕು, ಇನ್ನೊಂದು ಸಲ ಅವಳು ತಲೆಯೆತ್ತಿ ನನ್ನ ಬಾಯಿ ನೋಡಬೇಕು ಅನ್ನುವುದೊಂದೇ ನನ್ನ ಆಸೆಯಾಯಿತು.

ಅವಕಾಶ ದೆಹಲಿಯಿಂದ ಬಂತು. ಸ್ಪರ್ಧೆಯಲ್ಲಿ ಇವರ ಹಾಡು ಕೇಳಿದ್ದ ಅತಿಥಿಯೊಬ್ಬರು, ಅಲ್ಲಿನ ಕನ್ನಡಿಗರ ಹಬ್ಬಕ್ಕೆ ಹಾಡಲು ಬನ್ನಿ ಎಂದು ಹತ್ತೂ ಜನರನ್ನು ವಿಮಾನದಲ್ಲಿ ಕರೆಸಿಕೊಂಡರು. ಜೊತೆಗೆ ಒಬ್ಬ ಗಂಡಸು ಬರಬಹುದೆಂದು ಹೇಳಿದರು. ಹೆಂಗಸರು ಸಭೆ ಸೇರಿ ನನ್ನನ್ನೇ ಆರಿಸಿದರು. ನನ್ನ ಮೇಲಿನ ಗೌರವದಿಂದಲ್ಲ. “ಸೀಟ್ ಗೀಟ್ ನೋಡ್ಕಳಾಕೆ ಬೇಕಲ್ಲ, ಬರ್ಲಿ ಬುಡು,” ಎಂದರಂತೆ.

ಮೊಬೈಲಿನಲ್ಲಿ ವಿಮಾನದ ಸೀಟುಗಳ ನಕ್ಷೆ ತೆರೆದಾಗ ನನಗೆ ಹಳೆಯ ಹುರುಪು ಬಂತು. ಇಡೀ ಬಸ್ಸು ಮನೆಗೇ ಬಂದು ನಿಂತ ಹಾಗೆ, ಓಡುವ ಕೆಲಸವಿಲ್ಲ, ಬೆರಳಿನಲ್ಲೇ ಟವೆಲ್ಲು ಹಾಕಬಹುದು. ಹೆಂಡತಿ ಭುಜದ ಮೇಲಿಂದ ಇಣುಕಿ ನೋಡಿದಳು.

“ಎದುರುಬದ್ರು ಸೀಟು ಇಲ್ವಾ?” ಎಂದಳು. “ಕುಂತ್ಕಂಡು ಒಂದ್ಸಲ ಪದ ಹೇಳ್ಕಳನಾ ಅಂತ.”

“ವಿಮಾನದಲ್ಲಿ ಎಲ್ಲರೂ ಮುಂದಕ್ಕೇ ನೋಡಬೇಕು,” ಎಂದೆ.

“ಹಂಗಾರೆ ನಮ್ ಬಸ್ಸೇ ವಾಸಿ. ಡ್ರೈವರ್ ಪಕ್ಕ ಉದ್ದ ಸೀಟಾರ ಐತೆ, ಎದ್ರುಗ್ ಕುಂತೋರ್ ಮುಖ ಕಾಣ್ತದೆ,” ಎಂದು ಒಳಗೆ ಹೋದಳು.

ಆ ಮಾತಿನಲ್ಲಿ ಏನೋ ಇದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಲೆಕ್ಕದಲ್ಲಿ ಮುಳುಗಿದ್ದೆ. ವಿಮಾನ ಬೆಳಿಗ್ಗೆ ಎಂಟಕ್ಕೆ, ಹೋಗುವುದು ಉತ್ತರಕ್ಕೆ. ಅಂದರೆ ಬಿಸಿಲು ಬಲಗಡೆ, ನೆರಳು ಎಡಗಡೆ. ರೆಕ್ಕೆ ಅಡ್ಡ ಬರಬಾರದು, ಶೌಚಾಲಯ ಹತ್ತಿರ ಇರಬಾರದು. ಹತ್ತೂ ಜನರಿಗೆ ಎಡಗಡೆಯೇ ಒಂದರ ಹಿಂದೊಂದು ಸಾಲು ಹಿಡಿದೆ. ಈ ಸಲ ಕಿಟಕಿ ಹೆಂಡತಿಗೆ. ಏರುವಾಗ ಎಡಗಡೆ ನಮ್ಮ ಮಾಗಡಿಯ ಸಾವನದುರ್ಗದ ಬೆಟ್ಟ ಕಾಣುತ್ತದೆಂದು ಎಲ್ಲರಿಗೂ ಹೇಳಿದೆ. ನನಗೆ ಉಳಿದದ್ದು ಕಟ್ಟಕಡೆಯ ಸಾಲಿನ ನಡುವಿನ ಸೀಟು. ಸೀಟಿನ ಬೆನ್ನು ಹಿಂದಕ್ಕೆ ಬಾಗದು, ಹಿಂದೆಯೇ ಶೌಚಾಲಯ. ಪ್ರಾಯಶ್ಚಿತ್ತ ಎಂದುಕೊಂಡೆ.

ವಿಮಾನ ಏರಿತು. ಸಾವನದುರ್ಗ ಕಾಣಲಿಲ್ಲ, ಉತ್ತರಕ್ಕೆ ಹೋಗುವ ವಿಮಾನಕ್ಕೆ ಮಾಗಡಿ ಬೆನ್ನ ಹಿಂದೆ ಬೀಳುತ್ತದೆಂದು ಮೂರನೆಯ ತರಗತಿಯ ಭೂಪಟ ನೋಡಿದ್ದರೂ ಗೊತ್ತಾಗುತ್ತಿತ್ತು. ಇನ್ನೊಂದು ವಿಷಯವೂ ಗೊತ್ತಾಯಿತು. ವಿಮಾನದೊಳಗೆ ಚಳಿ. ನಾನು ನೆರಳು ನೋಡಿ ಆರಿಸಿದ ಎಡಗಡೆಯಲ್ಲಿ ಹತ್ತು ಹೆಂಗಸರು ಸೆರಗು ಹೊದ್ದು ನಡುಗುತ್ತಿದ್ದರು. ಬಲಗಡೆಯವರು ಬೆಳಗಿನ ಎಳೆಬಿಸಿಲಿನಲ್ಲಿ ಮೈ ಕಾಯಿಸುತ್ತಾ ಹಾಯಾಗಿದ್ದರು.

ಹೆಂಡತಿ ಕಿಟಕಿ ಸೀಟನ್ನು ಹಿರಿಯ ಹಾಡುಗಾರ್ತಿಗೆ ಕೊಟ್ಟಿದ್ದಳು. ಆಕೆ ಕಿಟಕಿಯ ಮುಚ್ಚಳ ಎಳೆದು, ಗೊರಕೆ ಹೊಡೆಯುತ್ತಿದ್ದಳು. ನಾನು ಎದ್ದುಹೋಗಿ ಹೇಗಿದೆ ಎಂದು ಕೇಳಿದೆ.

“ಒಸಿ ಬಿಸ್ಲು ಬೀಳೋ ಕಡೆ ಇದ್ದಿದ್ರೆ ಚೆನ್ನಾಗಿರೋದು,” ಎಂದಳು ಹೆಂಡತಿ. ಟವೆಲ್ಲು ಕೊಟ್ಟೆ. ಹೊದ್ದುಕೊಂಡಳು. ಅಷ್ಟು ವರ್ಷದಲ್ಲಿ ಅದು ಒಂದು ಒಳ್ಳೆಯ ಕೆಲಸಕ್ಕೆ ಬಂದದ್ದು ಆವತ್ತೇ ಇರಬೇಕು.

ದೆಹಲಿಯಲ್ಲಿ ಕಾರ್ಯಕ್ರಮ ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ. ನಾನು ಹನ್ನೆರಡೂವರೆಗೇ ಸಭಾಂಗಣದಲ್ಲಿದ್ದೆ. ಪರದೆ ಮುಚ್ಚಿತ್ತು, ಮೈಕು ಎಲ್ಲಿ ಬರುತ್ತದೋ ಗೊತ್ತಿರಲಿಲ್ಲ. ಎತ್ತಿಕೊಡುವವರ ಜಾಗ ಎಲ್ಲಿ ಎಂದು ಅಲ್ಲಿದ್ದವರನ್ನು ಕೇಳಿದೆ. “ಅದೋ, ಎಡಗಡೆಗೆ,” ಎಂದು ಕೈತೋರಿಸಿದರು. ಮುಂದಿನ ಸಾಲಿನಲ್ಲಿ ಎಡತುದಿಯ ಸೀಟಿನಲ್ಲಿ ಹೋಗಿ ಕೂತೆ. ಅದಕ್ಕಿಂತ ಕೆಟ್ಟ ಸೀಟು ಆ ಸಭಾಂಗಣದಲ್ಲಿ ಇರಲಿಲ್ಲ. ಎದೆಯ ಎತ್ತರಕ್ಕೆ ಸ್ಪೀಕರ್ ಪೆಟ್ಟಿಗೆ, ಕಣ್ಣಿಗೆ ಹೊಡೆಯುವ ದೀಪ, ಕತ್ತು ತಿರುಚದೆ ಏನೂ ಕಾಣುವ ಹಾಗಿಲ್ಲ. ಆದರೆ ದೀಪದ ಬೆಳಕು ನನ್ನ ಮುಖಕ್ಕೆ ಚೆನ್ನಾಗಿ ಬೀಳುತ್ತಿತ್ತು. ವೇದಿಕೆಯಿಂದ ನೋಡಿದರೆ ನನ್ನ ಬಾಯಿ ಎದ್ದು ಕಾಣಬೇಕು. ಸೀಟಿನಿಂದ ಏನು ಕಾಣುತ್ತದೆ ಅನ್ನುವುದನ್ನು ಬಿಟ್ಟು, ಸೀಟಿನಲ್ಲಿ ಕೂತವನು ಯಾರಿಗೆ ಕಾಣುತ್ತಾನೆ ಎಂದು ನಾನು ಯೋಚಿಸಿದ್ದು ಅದೇ ಮೊದಲು. ಟವೆಲ್ಲನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಮೂರು ಗಂಟೆಯವರೆಗೆ ನೀರಿಗೂ ಏಳಲಿಲ್ಲ, ನೀರು ಬಿಡಲೂ ಏಳಲಿಲ್ಲ.

ಪರದೆ ಸರಿಯಿತು. ವೇದಿಕೆಯ ಮೇಲೆ ಚಾಪೆ ಹಾಸಿತ್ತು. ಹತ್ತು ಹೆಂಗಸರು ಊರಿನಲ್ಲಿ ಕೂರುವ ಹಾಗೆ ಐದೈದು ಜನ ಎದುರುಬದುರು ಕೂತಿದ್ದರು, ನಡುವೆ ಗಿಡ್ಡ ಮೈಕುಗಳು. ಹಿಂದಿನ ಸಂಜೆಯೇ ನನ್ನ ಹೆಂಡತಿ ಸಂಘಟಕರಿಗೆ ಹೇಳಿದ್ದಳಂತೆ, ನಾವು ಕೂತು ಹಾಡುವ ರೀತಿ ಇದು, ಹೀಗಾದರೆ ಹಾಡುತ್ತೇವೆ ಎಂದು. ಅವರು ಸಂತೋಷದಿಂದ ಒಪ್ಪಿದ್ದರಂತೆ. ಅಷ್ಟು ಸುಲಭವಿತ್ತು ಅದು.

ಎತ್ತಿಕೊಡುವವಳ ಸಾಲು ಎಡಗಡೆಗೇ ಇತ್ತು, ಅವರು ಸರಿಯಾಗಿಯೇ ಹೇಳಿದ್ದರು. ಆದರೆ ಆ ಸಾಲಿನ ಮುಖ ಬಲಕ್ಕೆ. ನನಗೆ ಕಂಡದ್ದು ಹೆಂಡತಿಯ ಬೆನ್ನು, ತುರುಬು, ತುರುಬಿನಲ್ಲಿ ಕನಕಾಂಬರ. ಅವಳ ಎದುರಿಗೆ ಹಿರಿಯ ಹಾಡುಗಾರ್ತಿ ಕೂತಿದ್ದಳು.

ಮುಂದಿನ ಸಾಲಿನ ಬಲತುದಿಯಲ್ಲಿ ಎರಡು ಸೀಟು ಖಾಲಿ ಇದ್ದವು. ಅಲ್ಲಿಂದ ಅವಳ ಮುಖ ಪೂರ್ತಿ ಕಾಣುತ್ತದೆಂದು ನನ್ನೊಳಗಿನ ಪಂಡಿತ ತಕ್ಷಣ ಲೆಕ್ಕ ಹಾಕಿ ಹೇಳಿದ. ಹತ್ತು ಹೆಜ್ಜೆ. ಏಳಬಹುದಿತ್ತು. ಎದ್ದು ಹೋಗುವಷ್ಟರಲ್ಲಿ ಅವಳು ಮರೆತು ಈ ಕಡೆ ತಿರುಗಿದರೆ, ಮತ್ತೆ ಖಾಲಿ ಸೀಟು ಕಂಡರೆ? ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಅಲ್ಲೇ ಕೂತೆ.

ಮಲ್ಲಿಗೆ ಬಂತು, ಕನಕಾಂಬರ ಬಂತು, ಸಂಪಿಗೆ ಬಂತು. ನಾನೂ ಒಂದೊಂದಾಗಿ ತುಟಿಯಲ್ಲಿ ಹೇಳುತ್ತಾ ಹೋದೆ. ಹದಿಮೂರನೆಯದು ಮುಗಿಯಿತು. ನಾನು ಮುಖ ಆದಷ್ಟು ಮುಂದಕ್ಕೆ ಚಾಚಿ, ದೊಡ್ಡದಾಗಿ, ಯಾರೂ ತಪ್ಪು ತಿಳಿಯದ ಹಾಗೆ ತುಟಿ ಮುಚ್ಚಿ ತೆರೆದೆ. ಅವಳ ತುರುಬು ಒಂದಿಷ್ಟೂ ಅಲ್ಲಾಡಲಿಲ್ಲ. ಎದುರಿನ ಹಿರಿಯಳ ತುಟಿ ಮೆಲ್ಲಗೆ ಮುಚ್ಚಿ ತೆರೆಯಿತು. ಮರುಗ ಬಂತು. ಅದರ ಹಿಂದೆ ಉಳಿದ ಏಳೂ ಬಂದವು, ಒಂದೂ ಬೀಳಲಿಲ್ಲ. ರಾಮನಗರದಲ್ಲಿ ಬಿದ್ದುಹೋದ ಹೂವುಗಳನ್ನೆಲ್ಲ ಅವಳು ಎತ್ತಿಕೊಂಡಳು. ನನಗೆ ಹೆಮ್ಮೆಯಾಯಿತು, ಆ ಹಿರಿಯಳ ಮೇಲೆ ಹೊಟ್ಟೆಕಿಚ್ಚೂ ಆಯಿತು. ಪಕ್ಕದಲ್ಲಿದ್ದವರು ನನ್ನ ಕಡೆ ಬಗ್ಗಿ, ಹಲ್ಲು ನೋವೇ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದು ತಲೆಯಾಡಿಸಿ ಇಪ್ಪತ್ತೊಂದನೆಯ ನುಡಿಯವರೆಗೂ ಬಾಯಾಡಿಸಿದೆ.

ರಾತ್ರಿ ಊಟದ ಹೊತ್ತಿಗೆ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಮುಖದಲ್ಲಿ ಇನ್ನೂ ಹಾಡಿನ ಕಳೆಯಿತ್ತು.

“ಮುಂದ್ಗಡೇನೇ ಕುಂತಿದ್ರಂತೆ. ಯಾರೋ ಅಂದ್ರು,” ಎಂದಳು.

“ಹೌದು,” ಎಂದೆ.

“ಚೆನ್ನಾಗ್ ಕಾಣ್ತಿತ್ತಾ?”

ಜೀವಮಾನವೆಲ್ಲ ನಾನು ಕೇಳಿದ ಪ್ರಶ್ನೆ ಅದೊಂದೇ. ಅವಳು ಮೊದಲ ಸಲ ಕೇಳಿದ್ದಳು.

“ಬಹಳ ಚೆನ್ನಾಗಿ ಕಾಣುತ್ತಿತ್ತು,” ಎಂದೆ.